ಓಟದ ಗೆರೆಗೆ ಬರುವ ಮೊದಲು: ಜತ್ತದ ಕನ್ನಡ ಮಕ್ಕಳ ಕ್ರೀಡಾದಾರಿ

ಜತ್ತ ತಾಲೂಕಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಸಾಧಾರಣವಾಗಿ ಎರಡು ಸಂದರ್ಭಗಳಲ್ಲಿ: ಬರ ಬಿದ್ದಾಗ ಒಮ್ಮೆ, ಗಡಿಯ ಮಾತು ಎದ್ದಾಗ ಇನ್ನೊಮ್ಮೆ. 2022ರ ಕೊನೆಯಲ್ಲಿ ನೀರಿನ ಪ್ರಶ್ನೆಯೂ ಗಡಿಯ ಪ್ರಶ್ನೆಯೂ ಕೂಡಿ ಬಂದಾಗ ಎರಡು ರಾಜ್ಯಗಳ ನಾಯಕರ ಬಾಯಲ್ಲಿ ಆ ಹೆಸರು ಓಡಾಡಿತು. ಆಮೇಲೆ ಹೊರಗಿನವರು ಮರೆತರು. ಆ ತಾಲೂಕಿನ ಕನ್ನಡ ಹಳ್ಳಿಗಳಲ್ಲಿಯೂ ಮಕ್ಕಳು ಓಡುತ್ತಾರೆ, ಜಿಗಿಯುತ್ತಾರೆ, ಗುಂಡು ಎಸೆಯುತ್ತಾರೆ. ಅವರಲ್ಲಿ ಚುರುಕಾದವರು ತಾಲೂಕು ದಾಟಿ ಜಿಲ್ಲೆ, ಜಿಲ್ಲೆ ದಾಟಿ ರಾಜ್ಯ, ಅಲ್ಲಿಂದ ವಲಯ ಮಟ್ಟದ ಕೂಟ ಎಂಬ ಮೆಟ್ಟಿಲುಗಳನ್ನು ಹತ್ತಬೇಕು. ಆ ದಾರಿಯಲ್ಲಿ ಅವರಿಗೆ ಎದುರಾಗುವ ತೊಡಕುಗಳು ನಮ್ಮ ಕಾಸರಗೋಡಿನ ಕನ್ನಡ ಮಕ್ಕಳ ತೊಡಕುಗಳನ್ನೇ ಹೋಲುತ್ತವೆ. ಆದುದರಿಂದ ಜತ್ತದ ಸಂಗತಿಯನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಬಯಲು ಸೀಮೆಯ ಕನ್ನಡ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವದ ತುದಿಯಲ್ಲಿದೆ ಜತ್ತ. ಅದರ ಪೂರ್ವಕ್ಕೆ ವಿಜಯಪುರ ಜಿಲ್ಲೆ, ದಕ್ಷಿಣಕ್ಕೆ ಬೆಳಗಾವಿ ಜಿಲ್ಲೆಯ ಅಥಣಿ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಈ ಸೀಮೆ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಉಮದಿ, ಸಂಖ, ಬಿಳೂರು, ದಾನಮ್ಮನ ಗುಡ್ಡಾಪುರ ಮುಂತಾದ ಊರುಗಳಲ್ಲಿ ಮನೆಯ ಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಇಂದಿಗೂ ಅಲ್ಲಿ ನಡೆಯುತ್ತಿವೆ. 1967ರಲ್ಲಿ ವರದಿ ಒಪ್ಪಿಸಿದ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ಜತ್ತದ ಹಲವಾರು ಹಳ್ಳಿಗಳನ್ನೂ ಕನ್ನಡ ನಾಡಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು. ವರದಿ ಕಾರ್ಯರೂಪಕ್ಕೆ ಬರಲಿಲ್ಲ. ಮಕ್ಕಳು ಎಲ್ಲಿ ಹುಟ್ಟಿದರೋ ಅಲ್ಲಿಯೇ ಶಾಲೆಗೆ ಹೋದರು, ಅಲ್ಲಿನ ಕೂಟಗಳಲ್ಲಿಯೇ ಓಡಿದರು.

ಎರಡು ಸೀಮೆಗಳ ಪ್ರಕೃತಿ ಮಾತ್ರ ತೀರ ಬೇರೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ. ಜೂನ್ ತಿಂಗಳಿನಿಂದ ಶಾಲೆಯ ಬಯಲು ಕೆರೆಯಾಗುತ್ತದೆ. ಮಕ್ಕಳು ಜಗಲಿಯಲ್ಲಿ ಕಾಲು ಸಡಿಲಿಸಿಕೊಂಡು, ಮಳೆ ಬಿಟ್ಟ ಕೂಡಲೇ ಉಪಜಿಲ್ಲಾ ಕೂಟಕ್ಕೆ ಓಡಬೇಕು. ಜತ್ತವಾದರೋ ಸಹ್ಯಾದ್ರಿಯ ಮಳೆನೆರಳಿನ ನಾಡು. ಅಲ್ಲಿ ಬಯಲಿಗೆ ಬರವಿಲ್ಲ, ನೀರಿಗೆ ಬರ. ಅಭ್ಯಾಸ ಮುಗಿಸಿ ಬಂದ ಹುಡುಗಿ ಮನೆಯಲ್ಲಿ ಮೊದಲು ಎತ್ತಿಕೊಳ್ಳುವುದು ಕೊಡವನ್ನು ಎಂಬಂಥ ಬೇಸಿಗೆಗಳನ್ನು ಆ ನಾಡು ಕಂಡಿದೆ.

ಒಣ ನೆಲದ ಓಟಗಾರರು

ಇಂಥ ನೆಲದಿಂದ ಕ್ರೀಡಾಪಟುಗಳು ಬಂದಾರೆಯೇ ಎಂದು ಕೇಳುವವರಿಗೆ ಉತ್ತರ ದೂರದಲ್ಲಿಲ್ಲ. ಸಾಂಗ್ಲಿಗೆ ತಾಗಿದ ಸಾತಾರಾ ಜಿಲ್ಲೆಯ ಮಾಣ ತಾಲೂಕು ಸಹ ಬರಪೀಡಿತ ಪ್ರದೇಶ. ಅಲ್ಲಿನ ಮೋಹಿ ಎಂಬ ಹಳ್ಳಿಯ ಲಲಿತಾ ಬಾಬರ್ 2016ರ ರಿಯೋ ಒಲಿಂಪಿಕ್ಸಿನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಓಟದ ಅಂತಿಮ ಸುತ್ತು ತಲುಪಿ ಹತ್ತನೆಯವರಾದರು. 1984ರ ಲಾಸ್ ಏಂಜಲೀಸಿನಲ್ಲಿ ನಮ್ಮ ಪಯ್ಯೋಳಿಯ ಪಿ.ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಕಂಚು ತಪ್ಪಿಸಿಕೊಂಡ ಬಳಿಕ, ಒಲಿಂಪಿಕ್ಸಿನ ವೈಯಕ್ತಿಕ ಓಟದ ಅಂತಿಮ ಸುತ್ತಿನಲ್ಲಿ ಭಾರತೀಯ ಮಹಿಳೆಯೊಬ್ಬಳು ನಿಂತದ್ದು ಅದೇ ಮೊದಲು. ನಡುವೆ 32 ವರ್ಷಗಳು ಸಂದಿದ್ದವು. ಬೀಡ್ ಜಿಲ್ಲೆಯ ಆಷ್ಟಿ ತಾಲೂಕಿನ ಅವಿನಾಶ ಸಾಬಳೆ ಅದೇ ಓಟದಲ್ಲಿ 2022ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿಯನ್ನೂ 2023ರ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಚಿನ್ನವನ್ನೂ ಗೆದ್ದರು. ಇನ್ನೂ ಹತ್ತಿರ ಬಂದರೆ, ಜತ್ತದಂತೆಯೇ ಸಾಂಗ್ಲಿ ಜಿಲ್ಲೆಗೆ ಸೇರಿದ ಆಟಪಾಡಿ ತಾಲೂಕಿನ ಕರಗಣಿಯ ಸಚಿನ ಖಿಲಾರಿ ಇದ್ದಾರೆ. ಶಾಲೆಯ ದಿನಗಳಲ್ಲಿ ಸೈಕಲಿನಿಂದ ಬಿದ್ದು ಎಡಗೈ ಊನಗೊಂಡ ಅವರು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನ ಗುಂಡೆಸೆತದಲ್ಲಿ 16.32 ಮೀಟರ್ ಎಸೆದು ಬೆಳ್ಳಿ ಪಡೆದರು.

ಈ ಮೂವರ ಊರುಗಳೂ ನೀರಿಗಾಗಿ ಆಕಾಶ ನೋಡುವ ಊರುಗಳೇ. ಆದುದರಿಂದ ಜತ್ತದ ಮಕ್ಕಳ ಕಾಲಿನಲ್ಲಿ ಕಸುವಿಲ್ಲವೆಂದು ಯಾರೂ ಹೇಳುವಂತಿಲ್ಲ. ಕಸುವಿರುವ ಕಾಲು ಓಟದ ಗೆರೆಯವರೆಗೆ ಬಂದು ನಿಲ್ಲುತ್ತದೆಯೇ ಎಂಬುದೇ ಪ್ರಶ್ನೆ.

ನೆರೆಮನೆಯವರು, ಬೇರೆ ವಲಯದವರು

ಅಥ್ಲೆಟಿಕ್ಸಿನ ಲೆಕ್ಕದಲ್ಲಿ ರಾಜ್ಯದ ಗಡಿ ಬಹು ದೊಡ್ಡ ಗೋಡೆ. ವಿಜಯಪುರದ ಹುಡುಗ ದಕ್ಷಿಣ ವಲಯದವನು. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದವರೊಡನೆ ಅವನ ಪೈಪೋಟಿ. ಒಂದೆರಡು ಹೊಲ ದಾಟಿದರೆ ಸಿಗುವ ಜತ್ತದ ಹುಡುಗ ಪಶ್ಚಿಮ ವಲಯದವನು. ಗುಜರಾತ, ಗೋವಾ, ರಾಜಸ್ಥಾನ ಮೊದಲಾದ ಕಡೆಯವರೊಡನೆ ಅವನು ಓಡಬೇಕು. ಇಬ್ಬರೂ ಗುಡ್ಡಾಪುರದ ಜಾತ್ರೆಯಲ್ಲಿ ಒಂದೇ ಅಂಗಡಿಯ ಮಂಡಕ್ಕಿ ತಿಂದಿರಬಹುದು; ಓಟದ ಪಥದಲ್ಲಿ ಅವರು ಎದುರಾಗಬೇಕಾದರೆ ರಾಷ್ಟ್ರಮಟ್ಟದವರೆಗೆ ಕಾಯಬೇಕು. ನಮ್ಮ ಮಂಜೇಶ್ವರದ ಹುಡುಗನಿಗೂ ಮಂಗಳೂರಿನ ಹುಡುಗನಿಗೂ ವಲಯ ಒಂದೇ ಆದುದು ನಮ್ಮ ಭಾಗ್ಯ.

ಜಿಲ್ಲಾ ಕೇಂದ್ರದ ದೂರವೂ ಕಡಿಮೆಯದಲ್ಲ. ಜತ್ತ ಪೇಟೆಯಿಂದ ಸಾಂಗ್ಲಿಗೆ 80 ಕಿಲೋಮೀಟರಿಗಿಂತ ಹೆಚ್ಚು ದಾರಿ. ಉಮದಿಯಂಥ ಪೂರ್ವದ ಊರುಗಳಿಗೆ ಸಾಂಗ್ಲಿಗಿಂತ ವಿಜಯಪುರವೇ ಹತ್ತಿರ. ಬೆಳಿಗ್ಗೆ ಎಂಟಕ್ಕೆ ಹಾಜರಿ ಎಂದರೆ ಮಗು ಹಿಂದಿನ ದಿನವೇ ಹೊರಡಬೇಕು. ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ, ಜೊತೆಗೆ ಹೋಗುವವರು ಯಾರು? ಹೆಣ್ಣುಮಗಳಾದರೆ ಈ ಪ್ರಶ್ನೆಗೆ ಉತ್ತರ ಸಿಗದೆ ಓಟ ಅಲ್ಲಿಗೇ ನಿಲ್ಲುವುದುಂಟು.

ಕಬ್ಬಿನ ಹಂಗಾಮು, ಕೂಟದ ಹಂಗಾಮು

ಇನ್ನೊಂದು ತೊಡಕು ಪಂಚಾಂಗದ್ದು. ಜತ್ತದ ಅನೇಕ ಕುಟುಂಬಗಳು ಮಳೆಗಾಲ ಕಳೆದ ಮೇಲೆ ಕಾರ್ಖಾನೆಯ ಮುಂಗಡ ಪಡೆದು ಕಬ್ಬು ಕಡಿಯಲು ಪಶ್ಚಿಮದ ನೀರಾವರಿ ಸೀಮೆಗೆ ಹೋಗುತ್ತವೆ. ಶಾಲಾ ಕೂಟಗಳ ಮೇಲಿನ ಸುತ್ತುಗಳು ನಡೆಯುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ತಾಲೂಕಿನಲ್ಲಿ ಮೊದಲು ಬಂದ ಮಗು ಮುಂದಿನ ಸುತ್ತಿನ ದಿನ ಯಾವುದೋ ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿ ತಮ್ಮನನ್ನು ಎತ್ತಿಕೊಂಡು ಕುಳಿತಿರುತ್ತದೆ. ಇಂಥ ಮಕ್ಕಳಿಗಾಗಿ ಹಂಗಾಮಿ ವಸತಿಗೃಹಗಳ ಯೋಜನೆ ಮಹಾರಾಷ್ಟ್ರದಲ್ಲಿದೆ. ಮಗುವನ್ನು ಊರಿನಲ್ಲಿ ಉಳಿಸಲು ತಂದೆತಾಯಿಗಳನ್ನು ಒಪ್ಪಿಸುವವರು ಬೇಕು. ಆ ಕೆಲಸ ದಸರೆಯ ಮುಂಚೆಯೇ ಆಗಬೇಕು. ಲಾರಿ ಹೊರಟ ಮೇಲೆ ಹೇಳಿ ಪ್ರಯೋಜನವಿಲ್ಲ.

ಗಡಿಯಾರಕ್ಕೆ ಜಾತಿಯಿಲ್ಲ, ಸೂಚನೆಗೆ ಭಾಷೆಯುಂಟು

ಸೆಕೆಂಡು ಮೀಟರುಗಳ ಲೆಕ್ಕದಲ್ಲಿ ಪಕ್ಷಪಾತವಿಲ್ಲವೆಂಬುದು ಅಥ್ಲೆಟಿಕ್ಸಿನ ಹೆಗ್ಗಳಿಕೆ. ಉದ್ದ ಜಿಗಿತದ ಹಲಗೆಯ ಅಗಲ 20 ಸೆಂಟಿಮೀಟರ್. ಅದು ಮರಾಠಿಗನಿಗೂ ಕನ್ನಡಿಗನಿಗೂ ಅಷ್ಟೇ. ಆದರೆ ಆ ಹಲಗೆಯ ತನಕ ಬರುವ ದಾರಿಯೆಲ್ಲ ಮಾತಿನದು. ಕೂಟದ ಸುತ್ತೋಲೆ, ಪ್ರವೇಶಪತ್ರ, ವಯಸ್ಸಿನ ದಾಖಲೆ, ಧ್ವನಿವರ್ಧಕದ ಕರೆ ಎಲ್ಲವೂ ಒಂದು ಭಾಷೆಯಲ್ಲಿರುತ್ತವೆ. ಅಲ್ಲಿ ಅದು ಮರಾಠಿ, ಇಲ್ಲಿ ಮಲಯಾಳ. 2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ದೊಡ್ಡ ಸುದ್ದಿಯಾಯಿತು. ಕನ್ನಡ ಬಾರದ ಅಧ್ಯಾಪಕರ ನೇಮಕದ ವಿರುದ್ಧ ನಮ್ಮ ಜಿಲ್ಲೆಯಲ್ಲಿಯೂ ಪೋಷಕರು ಹೋರಾಡಿದ್ದು ವಾಚಕರಿಗೆ ತಿಳಿದೇ ಇದೆ. ಗಣಿತದ ತರಗತಿಯಲ್ಲಿ ಆಗುವ ನಷ್ಟ ಎಲ್ಲರಿಗೂ ಕಾಣುತ್ತದೆ. ಆಟದ ಬಯಲಿನಲ್ಲಿ ಆಗುವ ನಷ್ಟ ಕಾಣುವುದಿಲ್ಲ.

ನಾವು ಮಕ್ಕಳನ್ನು ಕೂಟಗಳಿಗೆ ಕರೆದೊಯ್ಯುತ್ತ ಬಹಳ ವರ್ಷಗಳಾದವು. ಒಂದು ಕೂಟದಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳ ಉದ್ದ ಜಿಗಿತದ ಕರೆ ಮಲಯಾಳದಲ್ಲಿ ಮೂರು ಸಲ ಬಂತು. ಸ್ಪರ್ಧೆಯ ಹೆಸರಾಗಲಿ ತನ್ನ ಹೆಸರಾಗಲಿ ಆ ವೇಗದ ಮಾತಿನಲ್ಲಿ ಅವಳಿಗೆ ಹಿಡಿಯಲಿಲ್ಲ. "ಸರ್, ಈಗ ಕರೆದದ್ದು ನನ್ನನ್ನಾ?" ಎಂದು ಕೇಳಿಕೊಂಡು ಅವಳು ಓಡಿ ಬರುವಾಗ ಪಟ್ಟಿಯಲ್ಲಿ ಗೈರುಹಾಜರಿ ಬಿದ್ದಿತ್ತು. ಕರೆದವರಿಗೆ ಅವಳ ಮೇಲೆ ಯಾವ ದ್ವೇಷವೂ ಇರಲಿಲ್ಲ. ನಿಯಮ ನಿಯಮವೇ. ಅವಳ ಅಭ್ಯಾಸದ ಹೊಂಡದಲ್ಲಿ ಮರಳು ತುಂಬಿಸಿದ ಅಪ್ಪನಿಗೆ ಅದನ್ನು ವಿವರಿಸುವುದು ಮಾತ್ರ ಸುಲಭವಾಗಲಿಲ್ಲ.

ವಿಚಿತ್ರವೆಂದರೆ ಲೋಕದ ನಿಯಮಪುಸ್ತಕವು ಭಾಷೆಯ ವಿಷಯದಲ್ಲಿ ಇಷ್ಟು ಬಿಗಿಯಾಗಿಲ್ಲ. ಅತಿ ದೊಡ್ಡ ಅಂತರರಾಷ್ಟ್ರೀಯ ಕೂಟಗಳನ್ನು ಬಿಟ್ಟರೆ ಓಟ ಹೊರಡಿಸುವವರು ತಮ್ಮ ಸ್ವಂತ ಭಾಷೆಯಲ್ಲಿ, ಇಲ್ಲವೆ ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ ಆಜ್ಞೆ ಕೊಡಬಹುದೆಂದು ಅದರಲ್ಲಿದೆ. ನಮ್ಮ ದೇಶದ ಕೂಟಗಳಲ್ಲಿ ಸಾಧಾರಣವಾಗಿ ಕೇಳುವುದು 'ಆನ್ ಯುವರ್ ಮಾರ್ಕ್ಸ್', 'ಸೆಟ್' ಎಂಬ ಇಂಗ್ಲಿಷ್ ಮಾತುಗಳು. ಹಳ್ಳಿಯ ಬಯಲಿನಲ್ಲಿ 'ಒಂದು, ಎರಡು, ಮೂರು' ಎಂದು ಹೇಳಿಸಿಕೊಂಡೇ ಓಡಿದ ಮಗು ದೊಡ್ಡ ಕೂಟದಲ್ಲಿ 'ಸೆಟ್' ಕೇಳಿದೊಡನೆ ಹಾರಿ ಹೊರಡುತ್ತದೆ. 2010ರಿಂದ ನಿಯಮ ಕಠಿಣವಾಗಿದೆ. ಮೊದಲ ತಪ್ಪು ಹೊರಡುವಿಕೆಗೇ ಹೊರಗೆ. ರಿಲೇ ಓಟದಲ್ಲಿ ಮಾತ್ರ ಮಾತೃಭಾಷೆಗೆ ಪೂರ್ಣ ಸ್ವಾತಂತ್ರ್ಯ. ಕೋಲು ಕೊಡುವವಳು 'ಹಿಡಿ' ಎಂದು ಕೂಗಿದರೆ ಯಾವ ತೀರ್ಪುಗಾರರೂ ತಡೆಯಲಾರರು.

ಕ್ಲಬ್ಬಿನ ಕೆಲಸವೇನು?

ಇಲ್ಲಿ ಶಾಲೆಯೊಂದೇ ಎಲ್ಲವನ್ನೂ ಮಾಡಲಾರದು. ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇರುವುದಿಲ್ಲ. ಮಗು ಹತ್ತನೆಯ ತರಗತಿ ಮುಗಿಸಿದೊಡನೆ ಶಾಲೆಯ ಕೈ ಬಿಟ್ಟುಹೋಗುತ್ತದೆ. ಜಿಲ್ಲಾ ಅಥ್ಲೆಟಿಕ್ ಸಂಘಗಳ ಕೂಟಗಳಿಗೆ ಕ್ಲಬ್ಬುಗಳ ಮೂಲಕವೂ ಮಕ್ಕಳು ಬರಬಹುದು. ಜತ್ತದ ಕಡೆ ಊರೂರಿಗೆ ತರುಣ ಮಂಡಳ, ಕುಸ್ತಿಯ ತಾಲೀಮು. ನಮ್ಮಲ್ಲಿ ಯುವಕ ಮಂಡಲ, ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ಬುಗಳು. ಗಣೇಶೋತ್ಸವಕ್ಕೂ ಕಬಡ್ಡಿ ಪಂದ್ಯಕ್ಕೂ ಹಣ ಕೂಡಿಸುವ ಈ ಸಂಘಗಳು ಅಥ್ಲೆಟಿಕ್ಸಿಗಾಗಿ ಮಾಡಬೇಕಾದ ಕೆಲಸಕ್ಕೆ ಹಣ ಹೆಚ್ಚು ಬೇಡ, ಗಮನ ಬೇಕು.

ಮೊದಲನೆಯದು ಕಾಗದಪತ್ರ. ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್ ಮೂರರಲ್ಲಿಯೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಆಗಿರಬೇಕು. ಕನ್ನಡದ ಹೆಸರು ಮರಾಠಿ ಗುಮಾಸ್ತರ ಕೈಯಲ್ಲಿ ಒಂದಾಗಿ, ಮಲಯಾಳ ಗುಮಾಸ್ತರ ಕೈಯಲ್ಲಿ ಇನ್ನೊಂದಾಗಿ, ಇಂಗ್ಲಿಷಿನಲ್ಲಿ ಮೂರನೆಯದಾಗುವುದು ಗಡಿನಾಡಿನಲ್ಲಿ ದಿನನಿತ್ಯದ ಅನುಭವ. 14 ಮತ್ತು 16 ವರ್ಷದೊಳಗಿನ ಮಕ್ಕಳಿಗಾಗಿ ನಡೆಯುವ ರಾಷ್ಟ್ರೀಯ ಅಂತರ ಜಿಲ್ಲಾ ಕೂಟದಲ್ಲಿ ಮೂಳೆಯ ಚಿತ್ರ ತೆಗೆದು ವಯಸ್ಸು ಪರೀಕ್ಷಿಸುವ ಪದ್ಧತಿಯೂ ಇದೆ. ವಯಸ್ಸು ಮುಚ್ಚಿಟ್ಟು ಗೆಲ್ಲಿಸುವ ಆಸೆ ಯಾರಿಗಾದರೂ ಇದ್ದರೆ ಅದನ್ನು ಇಂದೇ ಬಿಡುವುದು ಮಗುವಿಗೆ ಮಾಡುವ ಉಪಕಾರ.

ಎರಡನೆಯದು ಸಾಮಾನು. ಮಣ್ಣಿನ ಬಯಲಿನ ಉದ್ದ ಮೊಳೆಯ ಸ್ಪೈಕ್ಸ್ ಸಿಂಥೆಟಿಕ್ ಪಥದಲ್ಲಿ ನಡೆಯುವುದಿಲ್ಲ. ಅಲ್ಲಿ ಸಾಧಾರಣವಾಗಿ ಮೊಳೆಯ ಉದ್ದ 9 ಮಿಲಿಮೀಟರ್ ಮೀರಬಾರದು. ಗುಂಡುಕಲ್ಲು ಎಸೆದು ಬೆಳೆದ ಹುಡುಗನಿಗೆ 18 ವರ್ಷದೊಳಗಿನ ಗುಂಪಿನ ಗುಂಡು 5 ಕಿಲೋ, ಹುಡುಗಿಗೆ 3 ಕಿಲೋ ಎಂಬುದು ಮೊದಲೇ ತಿಳಿದಿರಬೇಕು. ಕ್ಲಬ್ಬಿಗೆ ಒಂದು ಗುಂಡು, ಒಂದು ಅಳತೆಯ ಟೇಪು, ಒಂದು ನಿಲ್ಲುಗಡಿಯಾರ, ಮಕ್ಕಳ ಪಾದಕ್ಕೆ ಹಂಚಿ ಹಾಕಲು ನಾಲ್ಕೈದು ಜೊತೆ ಸ್ಪೈಕ್ಸ್ ಇದ್ದರೆ ಆರಂಭಕ್ಕೆ ಸಾಕು.

ಮೂರನೆಯದು ಅತಿ ಮುಖ್ಯ. ಕೂಟದ ದಿನ ಆ ಜಿಲ್ಲೆಯ ಭಾಷೆ ಬಲ್ಲ ಒಬ್ಬ ಹಿರಿಯ ಹುಡುಗನನ್ನೋ ಹುಡುಗಿಯನ್ನೋ ಮಕ್ಕಳ ಜೊತೆ ಕಳುಹಿಸಬೇಕು. ಧ್ವನಿವರ್ಧಕಕ್ಕೆ ಕಿವಿಗೊಡುವುದು, ಕರೆ ಬಂದವರನ್ನು ಹಾಜರಿಯ ಜಾಗಕ್ಕೆ ಮುಟ್ಟಿಸುವುದು, ಇಷ್ಟೇ ಅವರ ಕೆಲಸ. ಅಭ್ಯಾಸದಲ್ಲಿ ಇಂಗ್ಲಿಷ್ ಆಜ್ಞೆಗಳನ್ನೂ, ಸ್ಪರ್ಧೆಗಳ ಮರಾಠಿ ಅಥವಾ ಮಲಯಾಳ ಹೆಸರುಗಳನ್ನೂ ಮಕ್ಕಳ ಬಾಯಲ್ಲಿ ಹೇಳಿಸಬೇಕು. ನೆರೆಯ ಭಾಷೆ ಕಲಿತರೆ ನಮ್ಮ ಕನ್ನಡ ಸವೆಯುವುದಿಲ್ಲ. ಮನೆಯಲ್ಲಿ ಕನ್ನಡ ಗಟ್ಟಿಯಾಗಿದ್ದವನಿಗೆ ಮೈದಾನದಲ್ಲಿ ನಾಲ್ಕು ಮಾತು ಹೆಚ್ಚು ಬರುವುದು ಲಾಭವೇ. ಇದರ ಜೊತೆಗೆ, ಕನ್ನಡ ಮಕ್ಕಳು ಹೆಚ್ಚಿರುವ ಕೂಟಗಳಲ್ಲಿ ಕನ್ನಡದಲ್ಲಿಯೂ ಕರೆ ಕೊಡಬೇಕೆಂದು ಸಂಘಟಕರನ್ನು ಮುಂಚಿತವಾಗಿ ವಿನಯದಿಂದ ಕೇಳುವ ಹಕ್ಕು ನಮಗಿದೆ.

ಪದಕದಾಚೆಯ ಬದುಕು

ಇದೆಲ್ಲ ಒಂದು ಪದಕಕ್ಕಾಗಿಯೇ ಎಂದು ಕೇಳುವ ತಂದೆತಾಯಿಗಳಿಗೆ ನಮ್ಮ ಉತ್ತರ ಹೀಗಿದೆ. ಮಹಾರಾಷ್ಟ್ರದಲ್ಲಿ ಅರ್ಹ ಕ್ರೀಡಾಪಟುಗಳಿಗೆ ಸರಕಾರಿ ನೌಕರಿಯಲ್ಲಿ ಶೇಕಡಾ 5 ಮೀಸಲಾತಿ ಉಂಟು. ಪೋಲೀಸ್ ಭರತಿಯ ದೈಹಿಕ ಪರೀಕ್ಷೆಯಲ್ಲಿ ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800 ಮೀಟರ್, ಇಬ್ಬರಿಗೂ 100 ಮೀಟರ್ ಓಟ ಮತ್ತು ಗುಂಡೆಸೆತ ಇವೆ. ಬೆಳಗಿನ ಜಾವ ಅಲ್ಲಿನ ರಸ್ತೆಗಳಲ್ಲಿ ಓಡುವ ತರುಣರಲ್ಲಿ ಹೆಚ್ಚಿನವರ ಕಣ್ಣು ಆ ಭರತಿಯ ಮೇಲಿರುತ್ತದೆ. ಹದಿನಾಲ್ಕರಲ್ಲಿ ಸರಿಯಾದ ಕ್ರಮದಿಂದ ಓಡಲು ಕಲಿತ ಮಗು ಇಪ್ಪತ್ತರಲ್ಲಿ ಆ ಸಾಲಿನ ಮುಂದಿರುತ್ತದೆ. ಒಂದು ಎಕರೆ ಒಣ ಹೊಲದ ಮನೆಗೆ ಒಂದು ಖಾಯಂ ಸಂಬಳ ಬಂದರೆ ಮುಂದಿನ ವರ್ಷ ಕಬ್ಬಿನ ಲಾರಿ ಹತ್ತುವವರು ಆ ಮನೆಯಲ್ಲಿ ಇರುವುದಿಲ್ಲ.

ಜತ್ತದ ತರುಣ ಮಂಡಳಗಳಿಗೆ ಈ ಮಾತು ತಲುಪಲಿ ಎಂದು ಹಾರೈಸುತ್ತೇವೆ. ಅದಕ್ಕಿಂತ ಮೊದಲು ನಮ್ಮ ಕುಂಬಳೆ, ಮಂಜೇಶ್ವರ, ಕಾಸರಗೋಡು ಉಪಜಿಲ್ಲೆಗಳ ಯುವಕ ಮಂಡಲಗಳು ಮುಂದಿನ ಮಾಸಿಕ ಸಭೆಯಲ್ಲಿ ಒಂದು ನಿರ್ಣಯ ಮಾಡಲಿ. ಸಭೆಯಲ್ಲಿ ಇಬ್ಬರ ಹೆಸರು ಬರೆದುಕೊಳ್ಳಿ: ಮಕ್ಕಳ ಕಾಗದಪತ್ರ ನೋಡಿಕೊಳ್ಳುವವರು ಒಬ್ಬರು, ಕೂಟದ ದಿನ ಕರೆಗೆ ಕಿವಿಗೊಡುವವರು ಇನ್ನೊಬ್ಬರು. ಮಳೆ ಬಿಡುವ ಮೊದಲೇ ಆ ಎರಡು ಹೆಸರುಗಳು ಊರಿನ ಶಾಲೆಯ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇರಲಿ.