ಕಡಲಿಗೆ ಬೆನ್ನು ಮಾಡಿದ ಹೊಳೆ

ಅಥಣಿ ತಾಲ್ಲೂಕಿನ ಸತ್ತಿ ಕೃಷ್ಣೆಯ ದಂಡೆಯ ಊರು. ಇಲ್ಲಿ ಹೊಳೆಗೆ ಅವಸರವಿಲ್ಲ. ಇಕ್ಕೆಲಗಳಲ್ಲಿ ಎರೆಮಣ್ಣು, ಕಬ್ಬು, ದಡವೇರಿ ಹೊಲಗಳತ್ತ ಸಾಗುವ ನೀರಿನ ಪೈಪುಗಳು. ಕಣ್ಣು ಹಾಯುವವರೆಗೂ ಬೆಟ್ಟವೆಂಬುದರ ಸುಳಿವಿಲ್ಲ. ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರು ಮಳೆ ಕಾಣುವ ಈ ಸೀಮೆಯಲ್ಲಿ ಆಕಾಶ ತೊಳೆದಿಟ್ಟಂತೆ ಶುಭ್ರವಾಗಿರುವ ದಿನವೇ ಹೊಳೆ ಕೆಂಪಾಗಿ ಉಕ್ಕಿ ಬರುವುದುಂಟು. ನೆತ್ತಿಯ ಮೇಲೆ ಬಿಸಿಲು, ಊರ ಬಾಗಿಲಿಗೆ ಮಹಾಪೂರ. ಈ ಒಗಟಿನ ಉತ್ತರ ನದಿಯ ದಾರಿಯಲ್ಲಿ ಮುನ್ನೂರು ಕಿಲೋಮೀಟರಿಗೂ ಮೀರಿದ ದೂರದಲ್ಲಿ, ಸಹ್ಯಾದ್ರಿಯ ಪಡುವಣ ಅಂಚಿನಲ್ಲಿರುವ ಮಹಾಬಳೇಶ್ವರದಲ್ಲಿದೆ. ನಮ್ಮ ಕಡೆಯವರು ತೀರ್ಥಯಾತ್ರೆಗೆಂದು ನರಸೋಬಾ ವಾಡಿಗೆ ಹೋಗುತ್ತಾರೆ, ಪಂಢರಪುರಕ್ಕೆ ಹೋಗುತ್ತಾರೆ. ತಾವು ದಿನವೂ ಕುಡಿಯುವ ನೀರಿನ ತವರುಮನೆಯನ್ನು ನೋಡಿ ಬಂದವರು ಅವರಿಗಿಂತ ಕಡಿಮೆಯೆಂದೇ ನನಗೆ ತೋರುತ್ತದೆ.

ಅಥಣಿಯಿಂದ ಮಿರಜ, ಸಾಂಗಲಿ, ಕರಾಡ, ಸಾತಾರೆಗಳನ್ನು ಹಾದು ವಾಯಿಯನ್ನು ತಲುಪಿದರೆ ಅಲ್ಲಿಂದ ಘಟ್ಟದ ದಾರಿ. ಪಂಚಗಣಿಯನ್ನು ದಾಟಿ ಇನ್ನೂ 19 ಕಿಲೋಮೀಟರು ಏರಬೇಕು. ಆ ಹತ್ತೊಂಬತ್ತು ಕಿಲೋಮೀಟರುಗಳಲ್ಲಿ ಹವೆಯೇ ಬದಲಾಗುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿದರೆ ಪಂಚಗಣಿಗೆ ಅದರ ಮೂರರಲ್ಲೊಂದು ಪಾಲು ಬಂದರೆ ಹೆಚ್ಚು. ಪಡುಗಡಲಿನಿಂದ ಬಂದ ಮುಗಿಲು ಮೊದಲ ಗೋಡೆಗೆ ಬಡಿದು ತನ್ನ ಭಾರವನ್ನೆಲ್ಲ ಇಳಿಸಿ ಹಗುರಾಗಿ ಮುಂದೆ ಸಾಗುತ್ತದೆ. ಅಥಣಿಯನ್ನು ಮುಟ್ಟುವ ಹೊತ್ತಿಗೆ ಅದರ ಕೈ ಬರಿದಾಗಿರುತ್ತದೆ. ಮೋಡ ನಮಗೆ ಕೊಡದೆ ಹೋದುದನ್ನು ಹೊಳೆ ತಂದುಕೊಡುತ್ತದೆ.

ಇಲ್ಲಿ ಎರಡು ಊರುಗಳಿವೆ ಎಂಬುದನ್ನು ಯಾತ್ರಿಕರು ನೆನಪಿಡಬೇಕು. ಪೇಟೆ, ಹೋಟೆಲು, ಸ್ಟ್ರಾಬೆರಿ ತೋಟಗಳ ಗಿರಿಧಾಮವನ್ನು ಕಟ್ಟಿಸಿದವನು ಮುಂಬಯಿಯ ಗವರ್ನರನಾಗಿದ್ದ ಸರ್ ಜಾನ್ ಮಾಲ್ಕಮ್. 1829ರಲ್ಲಿ ಸಾತಾರೆಯ ಮಹಾರಾಜರಿಂದ ಆ ನೆಲ ಇಂಗ್ಲಿಷರ ಕೈಸೇರಿತು. ಅಲ್ಲಿಂದ ಕೆಲವೇ ಕಿಲೋಮೀಟರು ಆಚೆಗಿರುವ ಹಳೆಯ ಊರು ಕ್ಷೇತ್ರ ಮಹಾಬಳೇಶ್ವರ. ದೇವಗಿರಿಯ ಯಾದವ ದೊರೆ ಸಿಂಘಣನು 13ನೆಯ ಶತಮಾನದಲ್ಲಿ ಇಲ್ಲಿ ಗುಡಿಯನ್ನೂ ಕೊಳವನ್ನೂ ಕಟ್ಟಿಸಿದನೆಂಬುದು ಪರಂಪರೆಯ ಮಾತು. ಆ ಮನೆತನದ ಶಾಸನಗಳಲ್ಲಿ ಹಲವು ಕನ್ನಡದಲ್ಲಿರುವುದನ್ನು ನೆನೆದರೆ ಈ ಗುಡಿ ನಮಗೆ ತೀರ ಪರಕೀಯವೆನಿಸದು. ವಿಜಾಪುರದ ಸರದಾರ ಅಫ್ಜಲಖಾನನು 1659ರಲ್ಲಿ ಮಡಿದ ಪ್ರತಾಪಗಡವೂ ಸಮೀಪದಲ್ಲೇ ಇದೆ. ಅದಕ್ಕೆ ಬೇರೆಯೇ ಭಾಷಣ ಬೇಕು.

ಪಂಚಗಂಗಾ ಮಂದಿರದಲ್ಲಿ ಕೃಷ್ಣಾ, ವೇಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳ ಹೆಸರಿನಲ್ಲಿ ನೀರು ಸಾಲಾಗಿ ಒಸರಿ, ಒಂದಾಗಿ, ಕಲ್ಲಿನ ಗೋಮುಖದಿಂದ ಕುಂಡಕ್ಕೆ ಬೀಳುತ್ತದೆ. ಸರಸ್ವತಿ, ಭಾಗೀರಥಿಯರ ಹೆಸರಿನ ಇನ್ನೆರಡು ಬಾಯಿಗಳೂ ಇವೆ. ಭಾಗೀರಥಿ ಹನ್ನೆರಡು ವರ್ಷಕ್ಕೊಮ್ಮೆ, ಸರಸ್ವತಿ ಅರವತ್ತು ವರ್ಷಕ್ಕೊಮ್ಮೆ ಬರುತ್ತಾಳೆಂಬುದು ನಂಬಿಕೆ. ಸುತ್ತಲಿನ ಹಳ್ಳಗಳು ಬೇಸಗೆಯಲ್ಲಿ ಸೊರಗಿದಾಗಲೂ ಈ ಬೆಟ್ಟದ ಒರತೆಗಳಲ್ಲಿ ನೀರಾಡುವುದೇಕೆ? ಬೆಟ್ಟದ ತಲೆಯ ಮೇಲೆ ಜಂಬಿಟ್ಟಿಗೆಯ ದಪ್ಪ ಹೊದಿಕೆಯಿದೆ. ಈ ಕೆಂಗಲ್ಲು ಸೂಕ್ಷ್ಮ ರಂಧ್ರಗಳಿಂದ ತುಂಬಿದುದು. ನಾಲ್ಕು ತಿಂಗಳ ಮಳೆಯನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಅದರ ಕೆಳಗೆ ಜೇಡಿಯೂ ಗಟ್ಟಿಯಾದ ಕರಿಗಲ್ಲೂ ಇವೆ. ಕೆಳಗಿಳಿಯಲು ದಾರಿ ಕಾಣದ ನೀರು ಆ ಎರಡರ ಸಂದಿಯಲ್ಲಿ ಪಕ್ಕಕ್ಕೆ ಸರಿದು, ಇಳಿಜಾರು ಸಿಕ್ಕಲ್ಲಿ ಹೊರಗೆ ಬರುತ್ತದೆ. ಗುಡಿ ಕಟ್ಟಿದವರು ಆ ಜಾಗವನ್ನು ಸರಿಯಾಗಿ ಗುರುತಿಸಿದ್ದರು.

ಜನಸಂದಣಿ ಬೇಡವೆನ್ನುವವರು ಹತ್ತಿರದಲ್ಲೇ ಇರುವ ಕೃಷ್ಣಾಬಾಯಿಯ ಗುಡಿಗೆ ನಡೆದು ಹೋಗಬೇಕು. ಹಾವಸೆಗಟ್ಟಿದ ಕಪ್ಪು ಕಲ್ಲು, ಒಂದು ಗೋಮುಖ, ಒಂದು ಕುಂಡ. ಎದುರಿಗೆ ತೆರೆದುಕೊಂಡ ಕೃಷ್ಣೆಯ ಕಣಿವೆ. ದೊಡ್ಡ ಗುಡಿಗಿಂತ ಇದೇ ನನಗೆ ಹೆಚ್ಚು ಹಿಡಿಸಿತು. ಆನೆಯನ್ನೂ ಕೊಚ್ಚಿಕೊಂಡು ಹೋಗಬಲ್ಲ ಹೊಳೆ ಇಲ್ಲಿ ಒಂದು ತಂಬಿಗೆಯನ್ನು ತುಂಬಲೂ ಹೊತ್ತು ತೆಗೆದುಕೊಳ್ಳುತ್ತದೆ.

ಬೆಟ್ಟದ ಪಡುವಣ ಅಂಚಿನಲ್ಲಿ ಆರ್ಥರ್ ಸೀಟ್ ಎಂಬ ಕೋಡುಗಲ್ಲು. ಅಲ್ಲಿ ನೆಲ ಥಟ್ಟನೆ ಮುಗಿದುಬಿಡುತ್ತದೆ. ಕೆಳಗೆ ಸಾವಿತ್ರಿಯ ಕಮರಿ, ಅದರಾಚೆ ಕೊಂಕಣದ ಮಬ್ಬು ಗುಡ್ಡಗಳು. ಮಳೆ ಬಿಟ್ಟ ಹೊಸದರಲ್ಲಿ ಪಡುಗಡಲ ಗೆರೆಯೂ ಕಾಣುತ್ತದೆಂದು ಸ್ಥಳದವರು ಹೇಳುತ್ತಾರೆ. ಕಡಲು ಇಲ್ಲಿಂದ ಸುಮಾರು 64 ಕಿಲೋಮೀಟರು ದೂರ. ಸಾವಿತ್ರಿ ಅದರತ್ತ ನೇರವಾಗಿ ಧುಮುಕುತ್ತಾಳೆ; ಅದೇ ಬೆಟ್ಟದ ಮಗಳಾದ ಕೃಷ್ಣೆ ಕಡಲಿಗೆ ಬೆನ್ನು ಮಾಡಿ, 1,400 ಕಿಲೋಮೀಟರು ನಡೆದು ಬಂಗಾಳ ಉಪಸಾಗರವನ್ನು ಸೇರುತ್ತಾಳೆ.

ಪುರಾಣ ಇದಕ್ಕೊಂದು ಕಾರಣ ಕೊಡುತ್ತದೆ. ಬ್ರಹ್ಮನ ಯಜ್ಞಕ್ಕೆ ಸಾವಿತ್ರಿ ತಡವಾಗಿ ಬಂದಳು. ಆಕೆಯ ಪೀಠದಲ್ಲಿ ಗಾಯತ್ರಿ ಕುಳಿತಿದ್ದಳು. ಕನಲಿದ ಸಾವಿತ್ರಿ ದೇವತೆಗಳಿಗೆ ನದಿಗಳಾಗಿರೆಂದು ಶಪಿಸಿದಳು. ವಿಷ್ಣು ಕೃಷ್ಣೆಯಾದ, ಶಿವ ವೇಣ್ಣೆಯಾದ, ಬ್ರಹ್ಮ ಕೊಯ್ನೆಯಾದ. ತಾನೂ ನದಿಯಾದ ಸಾವಿತ್ರಿ ಅವರೊಡನೆ ಹರಿಯಲೊಲ್ಲದೆ ಪಡುವಣಕ್ಕೆ ತಿರುಗಿದಳು. ಭೂವಿಜ್ಞಾನಿಗಳ ಕಥೆಯೂ ಒಂದು ಬೇರ್ಪಡೆಯ ಕಥೆಯೇ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ದಖ್ಖನಿನ ಕರಿಗಲ್ಲಾಯಿತು. ಮುಂದೆ ಪಡುವಣದ ನೆಲ ಬಿರಿದು, ಒಂದು ತುಂಡು ಕಳಚಿಕೊಂಡು ದೂರ ಸರಿಯಿತು. ಉಳಿದ ಪ್ರಸ್ಥಭೂಮಿಯ ಪಡುವಣ ಅಂಚು ಎತ್ತರದಲ್ಲಿ ನಿಂತು ಅದರ ಇಳಿಜಾರು ಮೂಡಣಕ್ಕಾಯಿತು. ಹೀಗಾಗಿ ಅಂಚಿನಲ್ಲಿ ಹುಟ್ಟಿದ ನೀರಿಗೂ ಮೂಡಣವೇ ಇಳಿಜಾರು.

ಇಷ್ಟು ದೀರ್ಘ ಕಾಲ ನಡೆದು ಬಂದ ಈ ಕ್ರಮವನ್ನು ನಮ್ಮ ಕಾಲದ ಮನುಷ್ಯ ಒಂದು ಕಡೆ ತಿರುವಿಹಾಕಿದ. ಕೊಯ್ನಾ ಅಣೆಕಟ್ಟಿನ ಹಿಂದೆ ನಿಲ್ಲುವ ನೂರು ಟಿ.ಎಂ.ಸಿ.ಗೂ ಮೀರಿದ ನೀರಿನಲ್ಲಿ ದೊಡ್ಡ ಪಾಲು ಸುರಂಗಗಳ ಮೂಲಕ ಪಡುವಣಕ್ಕೆ ಇಳಿದು, ವಿದ್ಯುತ್ತನ್ನು ಉತ್ಪಾದಿಸಿ, ವಾಶಿಷ್ಠಿ ನದಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಬಚಾವತ್ ನ್ಯಾಯಮಂಡಳಿ ಇದಕ್ಕೆ ವರ್ಷಕ್ಕೆ 67.5 ಟಿ.ಎಂ.ಸಿ.ಯ ಮಿತಿಯನ್ನು ಹಾಕಿತು. ಮುಂಬಯಿ, ಪುಣೆಗಳ ಕಾರ್ಖಾನೆಗಳಿಗೆ ಬೆಳಕು ಬೇಕು. ಸತ್ತಿಯ ದನಕರುಗಳಿಗೆ ಬೇಸಗೆಯಲ್ಲಿ ನೀರು ಬೇಕು. ಎರಡೂ ನ್ಯಾಯವಾದ ಬೇಡಿಕೆಗಳೇ. ಆದರೆ ಕಡಲಿಗಿಳಿದ ನೀರನ್ನು ಮರಳಿ ಕರೆಯುವ ಉಪಾಯವಿಲ್ಲ. 2019ರ ಮೇ ತಿಂಗಳಲ್ಲಿ ಕೃಷ್ಣೆಯ ಪಾತ್ರ ಒಣಗಿ, ಕೊಯ್ನಾದಿಂದ ನೀರು ಬಿಡಿರೆಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅಥಣಿ, ಚಿಕ್ಕೋಡಿಗಳ ದಂಡೆಯ ಹಳ್ಳಿಗಳು ಮಹಾಪೂರದಲ್ಲಿ ಮುಳುಗಿದವು. ನಡುವೆ ಇದ್ದುದು ಮೂರೇ ತಿಂಗಳು.

ಹೋಗುವವರಿಗೆ ದಸರೆಯಿಂದ ಸಂಕ್ರಾಂತಿಯವರೆಗಿನ ಕಾಲ ಒಳ್ಳೆಯದು. ಮಳೆಗಾಲದಲ್ಲಿ ಮಂಜು ಎಲ್ಲವನ್ನೂ ನುಂಗಿಬಿಡುತ್ತದೆ. ಹಿಂದಿರುಗುವಾಗ ಕರಾಡದಲ್ಲಿ ಇಳಿದು ಪ್ರೀತಿಸಂಗಮದ ಘಾಟಿಗೆ ಹೋಗಿರಿ. ಒಂದೇ ಬೆಟ್ಟದಲ್ಲಿ ಹುಟ್ಟಿ ಬೇರೆಬೇರೆ ಕಣಿವೆಗಳನ್ನು ಸುತ್ತಿ ಬಂದ ಕೃಷ್ಣಾ, ಕೊಯ್ನಾ ಅಲ್ಲಿ ಎದುರುಬದುರಾಗಿ ಬಂದು ಸೇರಿ, ಒಟ್ಟಿಗೆ ಮೂಡಣಕ್ಕೆ ತಿರುಗುತ್ತಾರೆ. ಅಲ್ಲಿ ನಿಮ್ಮೆದುರು ಹಾದುಹೋದ ನೀರು ಕೆಲವು ದಿನಗಳಲ್ಲಿ ಸತ್ತಿಯ ದಂಡೆಯನ್ನು ಮುಟ್ಟುತ್ತದೆ.