ಬೆಂಕಿಗೆ ಒಡ್ಡಿದ ಬೆರಳು: ‘ಮೀನ್ ಸ್ಟ್ರೀಟ್ಸ್’ ಚಿತ್ರದಲ್ಲಿ ಪಾಪ ಮತ್ತು ಪ್ರಾಯಶ್ಚಿತ್ತ

ಮಾರ್ಟಿನ್ ಸ್ಕಾರ್ಸೇಸಿ 1973ರಲ್ಲಿ ನಿರ್ದೇಶಿಸಿದ ‘ಮೀನ್ ಸ್ಟ್ರೀಟ್ಸ್’ ಅಪರಾಧ ಜಗತ್ತಿನ ಕಥೆಯೇ ಆದರೂ, ಪಾಪ ಮಾಡಿದವನು ಅದನ್ನು ಎಲ್ಲಿ, ಹೇಗೆ ಕಳೆದುಕೊಳ್ಳಬೇಕು ಎಂಬ ಧಾರ್ಮಿಕ ಪ್ರಶ್ನೆಯೇ ಅದರ ಜೀವಾಳ. ಅದರ ಹಿಂದಿನ ವರ್ಷ ತೆರೆಕಂಡ ‘ದಿ ಗಾಡ್‌ಫಾದರ್’ ಮಾಫಿಯಾ ದೊರೆಗಳ ಕಥೆಯನ್ನು ಹೇಳಿದರೆ, ಈ ಚಿತ್ರವು ಇಟಲಿಯ ವಲಸಿಗರು ನೆಲೆಸಿದ ನ್ಯೂಯಾರ್ಕಿನ ಲಿಟಲ್ ಇಟಲಿ ಎಂಬ ಕೇರಿಯಲ್ಲಿ ಸಾಲ ವಸೂಲಿ ಮತ್ತು ಸಣ್ಣಪುಟ್ಟ ವಂಚನೆಗಳಿಂದ ದಿನ ದೂಡುವ ಯುವಕರ ಬದುಕನ್ನು ತೋರಿಸುತ್ತದೆ.

ಹಾರ್ವೆ ಕೈಟೆಲ್ ಅಭಿನಯಿಸಿದ ಚಾರ್ಲಿ, ಮಾಫಿಯಾದಲ್ಲಿ ಪ್ರಭಾವಿಯಾದ ಚಿಕ್ಕಪ್ಪನ ಪರವಾಗಿ ಹಣ ವಸೂಲಿ ಮಾಡುವವನು, ಜೊತೆಗೆ ಶ್ರದ್ಧಾವಂತ ಕ್ಯಾಥೊಲಿಕ್. ಕ್ಯಾಥೊಲಿಕರಲ್ಲಿ ಭಕ್ತನು ಗುರುವಿನ ಮುಂದೆ ತನ್ನ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯುವ ವಿಧಿಗೆ ಪಾಪನಿವೇದನೆ ಎನ್ನುತ್ತಾರೆ. ಆಗ ಗುರುವು ಪ್ರಾಯಶ್ಚಿತ್ತವಾಗಿ ಸಾಮಾನ್ಯವಾಗಿ ಇಂತಿಷ್ಟು ಪ್ರಾರ್ಥನೆಗಳನ್ನು ವಿಧಿಸುತ್ತಾನೆ. ಚಾರ್ಲಿಗೆ ಆ ಎಣಿಕೆಯ ಪ್ರಾರ್ಥನೆಗಳು ಬರೀ ಮಾತುಗಳಾಗಿ ಕಾಣುತ್ತವೆ. ಪಾಪ ತೀರುವುದು ಚರ್ಚಿನಲ್ಲಲ್ಲ, ಬೀದಿಯಲ್ಲಿ ಮತ್ತು ಮನೆಯಲ್ಲಿ ಎಂಬ ಅವನ ನಂಬಿಕೆಯು ಚಿತ್ರದ ಆರಂಭದಲ್ಲಿ, ಕತ್ತಲೆಯ ತೆರೆಯ ಮೇಲೆ, ಸ್ವತಃ ಸ್ಕಾರ್ಸೇಸಿಯ ದನಿಯಲ್ಲಿ ಕೇಳಿಬರುತ್ತದೆ. ಚರ್ಚಿನಲ್ಲಿ ಚಾರ್ಲಿ ಮೇಣದಬತ್ತಿಯ ಉರಿಗೆ ಬೆರಳು ಒಡ್ಡಿ ನರಕದ ಬೆಂಕಿಯ ಕಾವನ್ನು ಬದುಕಿರುವಾಗಲೇ ಅಳೆದು ನೋಡುತ್ತಾನೆ. ಅದರ ಬೆನ್ನಿಗೇ ತೆರೆಯ ಮೇಲೆ ಕೆಂಪು ಬೆಳಕು ತುಂಬಿದ ಬಾರ್ ಮೂಡುತ್ತದೆ.

ಅದೇ ಬಾರಿನೊಳಗೆ, ರಾಬರ್ಟ್ ಡಿ ನೀರೊ ಅಭಿನಯಿಸಿದ ಜಾನಿ ಬಾಯ್ ಇಬ್ಬರು ಯುವತಿಯರ ಹೆಗಲ ಮೇಲೆ ಕೈಹಾಕಿಕೊಂಡು, ರೋಲಿಂಗ್ ಸ್ಟೋನ್ಸ್ ತಂಡದ ಹಾಡಿನ ಹಿನ್ನೆಲೆಯಲ್ಲಿ, ನಿಧಾನಗತಿಯ ಚಿತ್ರಿಕೆಯಲ್ಲಿ ನಡೆದು ಬರುತ್ತಾನೆ. ಊರೆಲ್ಲ ಸಾಲ ಮಾಡಿ ಯಾರಿಗೂ ತೀರಿಸದ ಈ ಪುಂಡನೇ ದೇವರು ತನಗೆ ಕಳುಹಿಸಿದ ಪ್ರಾಯಶ್ಚಿತ್ತ ಎಂದು ಚಾರ್ಲಿ ಭಾವಿಸುತ್ತಾನೆ. ಆದರೆ ಜಾನಿಯಿಂದಲೂ, ಮೂರ್ಛೆರೋಗವಿರುವ ಅವನ ಸಂಬಂಧಿ ತೆರೇಸಾಳಿಂದಲೂ ದೂರವಿರಬೇಕೆಂಬುದು ಚಿಕ್ಕಪ್ಪನ ಕಟ್ಟಪ್ಪಣೆ. ಅವನ ಕೃಪೆಯಿಂದ ಒಂದು ರೆಸ್ಟೋರೆಂಟ್ ಕೈಸೇರುವ ನಿರೀಕ್ಷೆಯಲ್ಲಿರುವ ಚಾರ್ಲಿ ತೆರೇಸಾಳೊಂದಿಗಿನ ಪ್ರೀತಿಯನ್ನು ಬಚ್ಚಿಡುತ್ತಾನೆ. ಅವನಿಗೆ ಆದರ್ಶನಾದ ಸಂತ ಫ್ರಾನ್ಸಿಸ್ ಆಸ್ತಿಯನ್ನೆಲ್ಲ ತೊರೆದವನು. ಚಾರ್ಲಿಯಾದರೋ ಇನ್ನೂ ಕೈಗೆ ಬಾರದ ಆಸ್ತಿಯನ್ನೂ ಬಿಡಲಾರ.

ಈ ಒಳತೋಟಿಯ ಬೇರುಗಳು ನಿರ್ದೇಶಕನ ಬಾಲ್ಯದಲ್ಲಿವೆ. ಲಿಟಲ್ ಇಟಲಿಯಲ್ಲಿ ಬೆಳೆದ ಸ್ಕಾರ್ಸೇಸಿ, ಅಲ್ಲಿನ ಹಳೆಯ ಸೇಂಟ್ ಪ್ಯಾಟ್ರಿಕ್ ಚರ್ಚಿನಲ್ಲಿ ಪೂಜೆಗೆ ನೆರವಾಗುವ ಪೀಠಬಾಲಕನಾಗಿದ್ದು, ಪಾದ್ರಿಯಾಗಬೇಕೆಂಬ ಆಸೆಯನ್ನೂ ಹೊತ್ತಿದ್ದವನು. ಮಾರ್ಡಿಕ್ ಮಾರ್ಟಿನ್ ಜೊತೆಗೂಡಿ ಅವನು ಚಿತ್ರಕಥೆ ಬರೆದ ಈ ಚಿತ್ರದ ಬಹುಪಾಲು ಚಿತ್ರೀಕರಣ ಲಾಸ್ ಏಂಜಲೀಸಿನಲ್ಲಿ ನಡೆದರೂ, ತೆರೆಯ ಮೇಲೆ ಕಾಣುವುದು ಅವನು ಬಾಲ್ಯದಿಂದ ಬಲ್ಲ ಜನರ ನಡೆನುಡಿಯೇ.

ಕೊನೆಗೆ ಜಾನಿಗೆ ಸಾಲ ಕೊಟ್ಟವನ ಕಡೆಯ ಬಂದೂಕುಧಾರಿ ಜಾನಿಯ ಕುತ್ತಿಗೆಗೂ ಚಾರ್ಲಿಯ ಕೈಗೂ ಗುಂಡು ಹಾರಿಸುತ್ತಾನೆ. ಆ ಬಂದೂಕುಧಾರಿಯ ಪಾತ್ರವನ್ನು ಸ್ಕಾರ್ಸೇಸಿಯೇ ಮಾಡಿದ್ದಾನೆ. ಒಂದೆಡೆ ಕೇರಿಯ ಸಂತ ಜೆನಾರೊ ಉತ್ಸವ ಮುಗಿಯುತ್ತಿರುತ್ತದೆ, ಇನ್ನೊಂದೆಡೆ ಚಿಕ್ಕಪ್ಪ ನೆಮ್ಮದಿಯಿಂದ ಟಿ.ವಿ. ನೋಡುತ್ತಿರುತ್ತಾನೆ. ತನ್ನ ಪ್ರಾಯಶ್ಚಿತ್ತವನ್ನು ತಾನೇ ಆರಿಸಿಕೊಂಡು, ಅದಕ್ಕೆ ಯಾವ ಬೆಲೆಯನ್ನೂ ತೆರಲೊಲ್ಲದವನ ಭಕ್ತಿ ಅವನನ್ನೂ ಕಾಯುವುದಿಲ್ಲ, ಅವನನ್ನು ನಂಬಿದವರನ್ನೂ ಕಾಯುವುದಿಲ್ಲ ಎಂಬುದೇ ಈ ಚಿತ್ರದ ನಿಷ್ಠುರ ತೀರ್ಪು.