ದ್ವೀಪದ ಸಂತೆ, ಬಾಣಂತಿಯ ಬುಟ್ಟಿ

ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಕೆನಡಾ, ಅಮೆರಿಕಗಳಿಗೆ ಹೊರಡುವ ತಾಯಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಆರು ತಿಂಗಳಿಗಾಗುವಷ್ಟು ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ಬಂದಾಗ ಅವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಊಟಕ್ಕೆ ಸಂಬಂಧಿಸಿದವು. ಅಲ್ಲಿ ಸೊಪ್ಪು ಸಿಗುತ್ತದೆಯೇ? ಹಾಲು ಹೇಗಿರುತ್ತದೆ? ಮಗುವಿಗೆ ನೆಕ್ಕಿಸಲು ಜೇನುತುಪ್ಪ ಇಲ್ಲಿಂದಲೇ ಒಯ್ಯಬೇಕೇ, ಅಲ್ಲಿಯದೂ ಆಗುತ್ತದೆಯೇ?

ಅಲ್ಲಿಯೂ ವಾರದ ಸಂತೆಗಳಿವೆ. ರಜೆಯ ದಿನ ಮಕ್ಕಳು ಅಪ್ಪ ಅಮ್ಮನನ್ನು ಮೊದಲು ಕರೆದೊಯ್ಯುವ ಜಾಗಗಳಲ್ಲಿ ಅದೂ ಒಂದು. ಅಂಥ ಒಂದು ಸಂತೆಯನ್ನು ಎದುರಿಗಿಟ್ಟುಕೊಂಡು, ಗರ್ಭಿಣಿ, ಬಾಣಂತಿ, ಕೂಸು ಮತ್ತು ವಯಸ್ಸಾದವರಿರುವ ಮನೆಗೆ ಏನು ತರಬಹುದು, ಏನು ತರಬಾರದು ಎಂಬುದನ್ನು ಈ ವಾರ ನೋಡೋಣ.

ಗಂಗೆಯ ಹೆಸರಿನ ಊರು

ಕೆನಡಾದ ಪಶ್ಚಿಮ ತೀರದಲ್ಲಿ, ವ್ಯಾಂಕೂವರ್ ನಗರದಿಂದ ಫೆರಿ ಹಡಗಿನಲ್ಲಿ ಹೋಗಬಹುದಾದ ದ್ವೀಪ ಸಾಲ್ಟ್ ಸ್ಪ್ರಿಂಗ್. ಜನಸಂಖ್ಯೆ ಸುಮಾರು 11 ಸಾವಿರ. ಅಲ್ಲಿನ ಮುಖ್ಯ ಊರಿನ ಹೆಸರು ಗ್ಯಾಂಜಸ್, ಎಂದರೆ ನಮ್ಮ ಗಂಗೆ. ಆ ಕಡಲಿಗೆ ಬಂದಿದ್ದ ಬ್ರಿಟಿಷ್ ನೌಕಾಪಡೆಯ 'ಗ್ಯಾಂಜಸ್' ಹಡಗಿನಿಂದ ಈ ಹೆಸರು ಬಂತು. ಆ ಹಡಗನ್ನು 1821ರಲ್ಲಿ ತೇಗದ ಮರದಿಂದ ಕಟ್ಟಿದ್ದು ನಮ್ಮ ಮುಂಬಯಿಯಲ್ಲಿಯೇ.

ಊರಿನ ಸೆಂಟೆನಿಯಲ್ ಪಾರ್ಕಿನಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಶನಿವಾರ ಸಂತೆ ನಡೆಯುತ್ತದೆ. ಇದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ: ಮಾರುವವರು ತಾವೇ ಬೆಳೆದಿರಬೇಕು, ತಾವೇ ಬೇಯಿಸಿರಬೇಕು ಅಥವಾ ತಾವೇ ತಯಾರಿಸಿರಬೇಕು. ಬೇರೆಡೆಯಿಂದ ತಂದು ಮಾರುವಂತಿಲ್ಲ. ಹಾಗಾಗಿ ಇಲ್ಲಿ ನಿಮ್ಮೆದುರು ನಿಂತವರೇ ಆ ಪದಾರ್ಥದ ಒಡೆಯರು. ಅವರನ್ನು ನೇರವಾಗಿ ಪ್ರಶ್ನೆ ಕೇಳಬಹುದು. ದೊಡ್ಡ ಅಂಗಡಿಗಳಲ್ಲಿ ಇಲ್ಲದ ಅನುಕೂಲ ಇದು.

ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ನಾವು ಸಂತೆಯಿಂದ ತಂದ ಹಾಲನ್ನು ಉಕ್ಕಿಸುತ್ತೇವೆ, ಸೊಪ್ಪನ್ನು ಬೇಯಿಸುತ್ತೇವೆ, ಬೇಳೆಯನ್ನು ಕುಕ್ಕರಿನಲ್ಲಿ ಕೂಗಿಸುತ್ತೇವೆ. ಎಷ್ಟೋ ರೋಗಾಣುಗಳು ನಮ್ಮ ಒಲೆಯ ಮೇಲೆಯೇ ಸಾಯುತ್ತವೆ. ಅಲ್ಲಿನ ಸಂತೆಯ ಬಹಳಷ್ಟು ಪದಾರ್ಥಗಳನ್ನು ಹಾಗೆಯೇ ತಿನ್ನುತ್ತಾರೆ: ಹಸಿ ಎಲೆ, ಮೆತ್ತನೆಯ ಚೀಸ್, ಆಗತಾನೆ ಹಿಂಡಿದ ಹಣ್ಣಿನ ರಸ. 'ತಾಜಾ' ಎಂಬುದು ರುಚಿಯ ಮಾತು. ಅದರಲ್ಲಿ ರೋಗಾಣು ಇಲ್ಲವೆಂಬ ಭರವಸೆ ಇರುವುದಿಲ್ಲ.

ಬುಟ್ಟಿಗೆ ಮೊದಲು ಸೊಪ್ಪು

ಧಾರಾಳವಾಗಿ ತರಬೇಕಾದದ್ದು ಸೊಪ್ಪು, ತರಕಾರಿ. ಕೇಲ್, ಚಾರ್ಡ್, ಪಾಲಕ್, ಬೀಟ್‌ರೂಟಿನ ಎಲೆ, ಕ್ಯಾರೆಟ್, ಹಸಿ ಬಟಾಣಿ, ಹುರುಳಿಕಾಯಿ ಇವೆಲ್ಲ ಆ ಕಡೆಯ ಬೇಸಿಗೆಯ ಬೆಳೆಗಳು. ಕೇಲ್ ಎಲೆ ತುಸು ಗಡಸು. ಸಣ್ಣಗೆ ಹೆಚ್ಚಿ ತೊಗರಿಬೇಳೆಯೊಂದಿಗೆ ಬೇಯಿಸಿದರೆ ನಮ್ಮ ಹುಳಿಗೆ ಚೆನ್ನಾಗಿ ಹೊಂದುತ್ತದೆ. ಡಿಲ್ ಎಂದು ಮಾರುವ ಸೊಪ್ಪು ನಮ್ಮ ಸಬ್ಬಸಿಗೆಯ ಹತ್ತಿರದ ಬಂಧು. ಬಾಣಂತಿಯ ಪಲ್ಯಕ್ಕೆ ಅದೂ ಆಗುತ್ತದೆ.

ಗರ್ಭಿಣಿಗೆ ಸೊಪ್ಪಿನಿಂದ ಫೋಲೇಟ್, ನಾರಿನಂಶ ಸಿಗುತ್ತವೆ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳುವುದು ಕಡಿಮೆ. ಊಟದ ಜೊತೆ ನಿಂಬೆರಸವಿದ್ದರೆ ಹೀರಿಕೆ ಹೆಚ್ಚುತ್ತದೆ, ಊಟದ ಹಿಂದೆಯೇ ಕಾಫಿ, ಚಹಾ ಕುಡಿದರೆ ಕುಗ್ಗುತ್ತದೆ. ಎಷ್ಟೇ ಸೊಪ್ಪು ತಿಂದರೂ ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಬಾರದು.

ಕೆಲವು ಮನೆಗಳಲ್ಲಿ ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಸೊಪ್ಪು, ತರಕಾರಿ, ನೀರು ಎಲ್ಲವನ್ನೂ ಕಡಿಮೆ ಮಾಡುತ್ತಾರೆ. ಇದರಿಂದ ಮಲಬದ್ಧತೆ, ಮೂಲವ್ಯಾಧಿ, ಆಯಾಸ. ಎದೆಹಾಲು ಕೊಡುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿನ ಆಹಾರ, ಬಾಯಾರಿದಾಗಲೆಲ್ಲ ನೀರು ಬೇಕು.

ಯಾವ ಸೊಪ್ಪನ್ನಾದರೂ ಹರಿಯುವ ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆಯಿರಿ. ಸೋಪು ಬೇಡ. ಮಣ್ಣಿನಲ್ಲಿ ಬೆಕ್ಕಿನ ಮಲದಿಂದ ಬರುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು. ಗರ್ಭಿಣಿಗೆ ಅದು ಮೊದಲ ಬಾರಿ ತಗುಲಿದರೆ ಹೊಟ್ಟೆಯಲ್ಲಿನ ಮಗುವಿನ ಕಣ್ಣು, ಮಿದುಳಿಗೆ ಹಾನಿಯಾದೀತು. 1995ರಲ್ಲಿ ಇದೇ ಪ್ರದೇಶದ ವಿಕ್ಟೋರಿಯಾ ನಗರದಲ್ಲಿ ನಲ್ಲಿ ನೀರಿನ ಮೂಲಕ ಈ ಸೋಂಕು ಹರಡಿ ನೂರಕ್ಕೂ ಹೆಚ್ಚು ಜನರಲ್ಲಿ ಪತ್ತೆಯಾಗಿತ್ತು. ಆದ್ದರಿಂದ ಗರ್ಭಿಣಿಗೆ ಸೊಪ್ಪನ್ನು ಬೇಯಿಸಿ ಕೊಡುವುದೇ ಲೇಸು. ಈ ವಿಷಯದಲ್ಲಿ ನಮ್ಮ ಪಲ್ಯ, ಹುಳಿಗಳು ಸಲಾಡಿಗಿಂತ ಮೇಲು.

ಚೀಸ್ ಎಂದರೆ ಪನೀರ್ ಅಲ್ಲ

ಮೇಕೆ ಹಾಲಿನ ಚೀಸ್‌ಗೆ ಸಾಲ್ಟ್ ಸ್ಪ್ರಿಂಗ್ ದ್ವೀಪ ಹೆಸರಾಗಿದೆ. ನೋಡಲು ನಮ್ಮ ಪನೀರಿನಂತೆ ಬೆಳ್ಳಗೆ ಮೆತ್ತಗಿರುವುದರಿಂದ 'ಹಾಲಿನದ್ದೇ ತಾನೆ, ಬಸುರಿಗೆ ಒಳ್ಳೆಯದು' ಎಂದುಕೊಳ್ಳುವುದು ಸಹಜ. ಆದರೆ ಪನೀರನ್ನು ಕುದಿಯುವ ಹಾಲು ಒಡೆಸಿ ಮಾಡುತ್ತೇವೆ. ಚೀಸ್‌ಗೆ ಹಾಲನ್ನು ಕುದಿಸಲೇಬೇಕೆಂದಿಲ್ಲ.

ಕೆನಡಾದಲ್ಲಿ ಹಸಿ ಹಾಲಿನ ಮಾರಾಟಕ್ಕೆ ನಿಷೇಧವಿದೆ. ಆದರೆ ಹಸಿ ಹಾಲಿನಿಂದ ಮಾಡಿ, ಕನಿಷ್ಠ 60 ದಿನ ಹದಗೊಳಿಸಿದ ಚೀಸ್ ಮಾರಲು ಅನುಮತಿ ಇದೆ. ಹೆಚ್ಚಿನ ಚೀಸ್‌ಗಳನ್ನು ಪಾಶ್ಚರೀಕರಿಸಿದ, ಅಂದರೆ ನಿಗದಿತ ಉಷ್ಣತೆಗೆ ಕಾಯಿಸಿ ರೋಗಾಣು ಕೊಂದ ಹಾಲಿನಿಂದಲೇ ಮಾಡುತ್ತಾರೆ. ಯಾವುದು ಯಾವುದೆಂದು ಕೇಳಿ ತಿಳಿಯಬೇಕು.

ಭಯವಿರುವುದು ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯಕ್ಕೆ. ಇದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಇತರರಿಗೆ ಹೋಲಿಸಿದರೆ ಗರ್ಭಿಣಿಗೆ ಇದು ತಗಲುವ ಸಂಭವ ಸುಮಾರು ಹತ್ತು ಪಟ್ಟು ಹೆಚ್ಚು. ತಾಯಿಗೆ ಸಣ್ಣ ಜ್ವರ, ಮೈಕೈ ನೋವು ಅಷ್ಟೇ ಕಾಣಿಸಬಹುದು. ಆದರೆ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ನವಜಾತ ಶಿಶುವಿಗೆ ಮಿದುಳಿನ ಪೊರೆಯ ಸೋಂಕು ಆಗಬಹುದು. ತಿಂದು ವಾರಗಳು ಕಳೆದ ಮೇಲೂ ರೋಗ ತಲೆದೋರಬಹುದು. ಆದ್ದರಿಂದ ಹೆರಿಗೆಯಾಗುವವರೆಗೆ ಮಗಳಿಗೆ ಹಸಿ ಹಾಲಿನ ಚೀಸ್ ಬೇಡ. ಬ್ರೀ, ಕ್ಯಾಮೆಂಬೆರ್‌ನಂಥ ಮೆತ್ತನೆಯ ಚೀಸ್ ಪಾಶ್ಚರೀಕರಿಸಿದ ಹಾಲಿನದಾದರೂ ಬೇಡ. ಪಾಶ್ಚರೀಕರಿಸಿದ ಹಾಲಿನ ಗಟ್ಟಿ ಚೀಸ್ ಆಗಬಹುದು. ಗರ್ಭಿಣಿಗೆ ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಿಗೆ ತೋರಿಸಿ, ಏನು ತಿಂದದ್ದೆಂಬುದನ್ನೂ ತಿಳಿಸಿ. ಲಿಸ್ಟೀರಿಯಕ್ಕೆ ಪರಿಣಾಮಕಾರಿಯಾದ ಆ್ಯಂಟಿಬಯಾಟಿಕ್ ಇದೆ.

ಹಣ್ಣು ಆಗಬಹುದು, ಹಸಿ ರಸ ಬೇಡ

ಆ ದ್ವೀಪದಲ್ಲಿ ಮುನ್ನೂರಕ್ಕೂ ಹೆಚ್ಚು ತಳಿಯ ಸೇಬುಗಳಿವೆ. ಸೇಬನ್ನು ತೊಳೆದು ಎಲ್ಲರೂ ತಿನ್ನಬಹುದು. ಎಚ್ಚರ ಬೇಕಾದದ್ದು ಪಾಶ್ಚರೀಕರಿಸದ ರಸಕ್ಕೆ. ನೆಲಕ್ಕೆ ಬಿದ್ದ ಹಣ್ಣಿಗೆ ದನ, ಜಿಂಕೆಗಳ ಮಲ ಸೋಂಕಿದ್ದರೆ, ಅಂಥ ಒಂದು ಹಣ್ಣಿನಿಂದ ಇಡೀ ಪಾತ್ರೆಯ ರಸ ಕೆಡಬಹುದು. 1996ರ ಅಕ್ಟೋಬರಿನಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲೂ ಕೆನಡಾದ ಇದೇ ಪ್ರಾಂತದಲ್ಲೂ ಇಂಥ ಸೇಬಿನ ರಸ ಕುಡಿದ ಸುಮಾರು 70 ಜನ ಇ. ಕೋಲೈ ಸೋಂಕಿಗೆ ತುತ್ತಾದರು. ಒಂದು ಪುಟ್ಟ ಮಗು ತೀರಿಕೊಂಡಿತು. ಈ ಬ್ಯಾಕ್ಟೀರಿಯದ ವಿಷ ಕರುಳಿಗೆ ಮಾತ್ರ ನಿಲ್ಲದೆ, ಚಿಕ್ಕ ಮಕ್ಕಳಲ್ಲಿ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಗರ್ಭಿಣಿ, ಮಕ್ಕಳು, ವಯಸ್ಸಾದವರು ಈ ರಸವನ್ನು ಕುದಿಸಿ ಆರಿಸಿ ಕುಡಿಯಬೇಕು. ಭೇದಿಯಲ್ಲಿ ರಕ್ತ ಕಂಡರೆ ಭೇದಿ ಕಟ್ಟಿಸುವ ಮಾತ್ರೆ ಕೊಡದೆ ಆಸ್ಪತ್ರೆಗೆ ಹೋಗಬೇಕು.

ಕೂಸಿಗೆ ಜೇನು ಬೇಡವೇ ಬೇಡ

ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದು, ಬಜೆ ತೇಯ್ದು ಜೇನಿನಲ್ಲಿ ಕಲಸಿ ಕೊಡುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಸಂತೆಯಲ್ಲಿ ಸಾಕಿದವರೇ ಮಾರುವ ಜೇನು ಕಂಡಾಗ, ಕಲಬೆರಕೆಯಿಲ್ಲದ್ದು ಸಿಕ್ಕಿತೆಂದು ಅಜ್ಜಿಗೆ ಸಂತೋಷವಾಗುತ್ತದೆ. ಆದರೆ ಕಲಬೆರಕೆಯಿಲ್ಲದ ಜೇನಿನಲ್ಲೂ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಇರಬಹುದು. ಮನೆಯಲ್ಲಿ ಕುದಿಸಿದರೂ ಅವು ಸಾಯುವುದಿಲ್ಲ. ಬೇರೆಲ್ಲಕ್ಕೂ ನೆರವಾಗುವ ನಮ್ಮ ಒಲೆ ಇಲ್ಲಿ ಕೈಚೆಲ್ಲುತ್ತದೆ.

ದೊಡ್ಡವರ ಕರುಳಿನಲ್ಲಿ ನೆಲೆಸಿರುವ ಇತರ ಬ್ಯಾಕ್ಟೀರಿಯಗಳು ಈ ಬೀಜಾಣುಗಳನ್ನು ಮೊಳೆಯಲು ಬಿಡುವುದಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳಿಗೆ ಆ ರಕ್ಷಣೆ ಇನ್ನೂ ಬಂದಿರುವುದಿಲ್ಲ. ಬೀಜಾಣು ಅಲ್ಲಿ ಮೊಳೆತು ವಿಷ ಸ್ರವಿಸುತ್ತದೆ. ವಿಷ ನರಗಳನ್ನು ಹಿಡಿದು ಸ್ನಾಯುಗಳನ್ನು ಸೋಲಿಸುತ್ತದೆ. ವೈದ್ಯರು ಈ ರೋಗವನ್ನು ಗುರುತಿಸಿದ್ದು 1976ರಲ್ಲಿ. ಅಪರೂಪದ ರೋಗವೇ ಹೌದು. ಆದರೆ ಬಂದರೆ ಮಗುವನ್ನು ವಾರಗಟ್ಟಲೆ ಉಸಿರಾಟದ ಯಂತ್ರಕ್ಕೆ ಹಾಕಬೇಕಾದೀತು.

ಮೊದಲು ಕಾಣುವುದು ಮಲಬದ್ಧತೆ. ಜೊತೆಗೆ ಮಗು ಹಾಲು ಚೀಪುವುದು ಕುಗ್ಗುತ್ತದೆ, ಅಳುವಿನ ದನಿ ಕ್ಷೀಣಿಸುತ್ತದೆ, ರೆಪ್ಪೆ ಜೋತುಬೀಳುತ್ತದೆ, ಕತ್ತು ನಿಲ್ಲದೆ ಮೈ ಬಟ್ಟೆಯಂತೆ ಸಡಿಲವಾಗುತ್ತದೆ. ಹೀಗಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಒಯ್ಯಬೇಕು. ಈ ವಿಷಕ್ಕೆ ಪ್ರತಿವಿಷವಿದೆ.

ಆದ್ದರಿಂದ ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೆರಳ ತುದಿಯಷ್ಟೂ ಬೇಡ. ಇಲ್ಲಿಂದ ಒಯ್ದದ್ದೂ ಬೇಡ, ಅಲ್ಲಿಯದೂ ಬೇಡ. ನಮ್ಮೂರಿನಲ್ಲಿ ಹುಟ್ಟಿದ ಮಗುವಿಗೂ ಇದೇ ಮಾತು. 'ನಾವೆಲ್ಲ ಜೇನು ನೆಕ್ಕಿಯೇ ಬೆಳೆಯಲಿಲ್ಲವೇ?' ಎಂದು ಹಿರಿಯರು ಕೇಳುತ್ತಾರೆ. ಬೆಳೆದವರು ಕೇಳುತ್ತಾರೆ, ಬೆಳೆಯದೆ ಹೋದ ಕೂಸುಗಳು ಯಾವ ಕಾರಣಕ್ಕೆ ಹೋದವೆಂದು ಆಗ ತಿಳಿಯುವ ದಾರಿಯೇ ಇರಲಿಲ್ಲ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು. ಬಾಣಂತಿ ಜೇನು ತಿನ್ನಬಹುದು. ಬೀಜಾಣು ಎದೆಹಾಲಿಗೆ ಬರುವುದಿಲ್ಲ. ಮಗುವನ್ನು ಎತ್ತಿಕೊಳ್ಳುವ ಮುನ್ನ ಕೈ ತೊಳೆದುಕೊಂಡರಾಯಿತು.

ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ

ಬಾಣಂತಿಗೆಂದು ಬೆಳ್ಳುಳ್ಳಿ ಕೊಳ್ಳುವವರು ಬಹಳ. ಬಿಡಿಸಿದ ಎಸಳುಗಳನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡಬೇಡಿ. ಗಾಳಿಯಾಡದ, ಹುಳಿಯಿಲ್ಲದ ಆ ಎಣ್ಣೆಯೊಳಗೆ ಇದೇ ಬಾಟುಲಿನಂ ಬೆಳೆದು ವಿಷ ಕೂಡಿಡುತ್ತದೆ. ಆ ವಿಷ ದೊಡ್ಡವರನ್ನೂ ಬಿಡುವುದಿಲ್ಲ. 1985ರಲ್ಲಿ ವ್ಯಾಂಕೂವರಿನ ಒಂದು ಹೋಟೆಲಿನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ 36 ಜನ ಈ ಕಾಯಿಲೆಗೆ ಒಳಗಾಗಿದ್ದರು. ಬೆಳ್ಳುಳ್ಳಿಯನ್ನು ಇಡಿಯಾಗಿ ಒಣಜಾಗದಲ್ಲಿಟ್ಟು ಬೇಕಾದಾಗ ಬಿಡಿಸಿಕೊಳ್ಳಿ.

ಅಜ್ಜ ಅಜ್ಜಿಯರಿಗೆ

ಹೃದಯದ ಕವಾಟದ ತೊಂದರೆಗೋ ಕಾಲಿನ ರಕ್ತ ಹೆಪ್ಪುಗಟ್ಟಿದ್ದಕ್ಕೋ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಬಾರದು. ಕೇಲ್, ಪಾಲಕ್‌ಗಳಲ್ಲಿ ಹೇರಳವಾಗಿರುವ 'ಕೆ' ಜೀವಸತ್ವ ಈ ಮಾತ್ರೆಯ ಶಕ್ತಿಯನ್ನು ಕುಂದಿಸುತ್ತದೆ. ಸೊಪ್ಪು ಬಿಡಬೇಕಿಲ್ಲ; ವಾರದಿಂದ ವಾರಕ್ಕೆ ಒಂದೇ ಪ್ರಮಾಣದಲ್ಲಿರಲಿ, ರಕ್ತಪರೀಕ್ಷೆ ತಪ್ಪದಿರಲಿ.

ಸಕ್ಕರೆ ಕಾಯಿಲೆಯವರಿಗೆ ಹಣ್ಣಿನ ಜಾಮ್, ಪೈಗಳಿಗಿಂತ ಇಡಿಯ ಹಣ್ಣು ಒಳ್ಳೆಯದು, ಅದೂ ಮಿತವಾಗಿ. ಸಂತೆ ಸುತ್ತಿ ಫೆರಿಗಾಗಿ ಕಾಯುವಾಗ ಊಟದ ಹೊತ್ತು ಮೀರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರ ಚೀಲದಲ್ಲಿ ಸಕ್ಕರೆ, ಬಿಸ್ಕತ್ತು ಇರಲಿ.

ಹೊರಡುವ ಮುನ್ನ

ಕಾರಿನಲ್ಲಿ ಮಂಜುಗಡ್ಡೆ ಹಾಕಿದ ಡಬ್ಬಿ ಇರಲಿ. ಹಾಲಿನ ಪದಾರ್ಥ, ಬೇಯಿಸಿದ ತಿಂಡಿ ಹೊರಗಿನ ಉಷ್ಣತೆಯಲ್ಲಿ ಎರಡು ಗಂಟೆ ಮೀರಬಾರದು. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಒಂದು ಗಂಟೆಯೂ ಹೆಚ್ಚು. ಪ್ರವಾಸಿಗಳು ಆಸ್ಪತ್ರೆಯ ಖರ್ಚನ್ನು ತಾವೇ ಭರಿಸಬೇಕಾದ್ದರಿಂದ ವಿಮೆ ಮಾಡಿಸಿಯೇ ಹೊರಡಿ. ಗ್ಯಾಂಜಸ್‌ನಲ್ಲಿ ಲೇಡಿ ಮಿಂಟೋ ಹೆಸರಿನ ಆಸ್ಪತ್ರೆ ಇದೆ. ಕೆನಡಾದಲ್ಲಿ ತುರ್ತು ಕರೆಯ ಸಂಖ್ಯೆ 911.

ಸಂತೆಯಲ್ಲಿ ಸಂಕೋಚವಿಲ್ಲದೆ ಕೇಳಿ: ಇದು ಪಾಶ್ಚರೀಕರಿಸಿದ್ದೇ? ಎಂದು ತಯಾರಿಸಿದ್ದು? ಹೇಗೆ ಇಡಬೇಕು? ತಾವೇ ಮಾಡಿದವರು ಉತ್ತರ ಹೇಳಬಲ್ಲರು. ಬುಟ್ಟಿ ಮನೆಗೆ ಬಂದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ತಿನ್ನುವವರು ಯಾರು? ನಿಮಗೆ ಹಿತವಾದದ್ದು ಗರ್ಭಿಣಿಗೆ ಹಿತವಾಗದಿರಬಹುದು; ಗರ್ಭಿಣಿಗೆ ಹಿತವಾದದ್ದು ಕೂಸಿಗೆ ವಿಷವಾಗಬಹುದು.